ನಾಣ್ಯ ಬಣ್ಣಗೆಟ್ಟಿದೆಯೇ? ತಿಕ್ಕುವ ಮೊದಲು ಲೋಹ ನೋಡಿ

ನಾಣ್ಯ ಕಪ್ಪಾಗಿದೆ ಎಂದ ಕೂಡಲೇ ಪಾಲಿಶ್ ಕೈಗೆತ್ತಿಕೊಳ್ಳಬೇಡಿ. ಮೇಲ್ಮೈಗೆ ಗಟ್ಟಿಯಾಗಿ ಅಂಟಿ, ಒಂದು ಹಂತಕ್ಕೆ ಬಂದು ನಿಂತ ತೆಳು ಪದರ ಒಳಗಿನ ಲೋಹವನ್ನು ಕಾಯುತ್ತಿರುತ್ತದೆ. ಅದನ್ನು ಕಿತ್ತರೆ ಹೊಸ ಲೋಹ ಗಾಳಿಗೆ ತೆರೆದುಕೊಂಡು ಮತ್ತೆ ಮಂಕಾಗುತ್ತದೆ, ಪ್ರತಿ ಸಲವೂ ಅಕ್ಷರ ಒಂದಿಷ್ಟು ಸವೆಯುತ್ತದೆ. ಪುಡಿಯಾಗಿ ಉದುರುವುದು, ಜಿಗುಟಾಗಿ ಅಂಟುವುದು, ಗುಳಿ ತೋಡುವುದು: ಕೈಹಾಕಬೇಕಾದದ್ದು ಈ ಮೂರಕ್ಕೆ ಮಾತ್ರ.

ಪರೀಕ್ಷೆಗೆ ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್, ಓರೆಯಾಗಿ ಬೀಳುವ ಒಂದು ದೀಪ, ಒಂದು ಅಯಸ್ಕಾಂತ ಸಾಕು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಉಕ್ಕು ಮತ್ತು ಶುದ್ಧ ನಿಕ್ಕಲ್ ಅಯಸ್ಕಾಂತಕ್ಕೆ ಅಂಟುತ್ತವೆ. 75 ಪಾಲು ತಾಮ್ರ, 25 ಪಾಲು ನಿಕ್ಕಲ್ ಇರುವ ಮಾಮೂಲಿ ಬಿಳಿ ನಾಣ್ಯ ಅಂಟುವುದಿಲ್ಲ.

ಬೆಳ್ಳಿ

ಬೆಳ್ಳಿಯನ್ನು ಕಪ್ಪಾಗಿಸುವುದು ಆಮ್ಲಜನಕವಲ್ಲ, ಗಂಧಕ. ಗಾಳಿಯಲ್ಲಿರುವ ಅತ್ಯಲ್ಪ ಹೈಡ್ರೋಜನ್ ಸಲ್ಫೈಡ್ ಸಾಕು, ಬೆಳ್ಳಿಯ ಸಲ್ಫೈಡ್ ಪದರ ಕಟ್ಟತೊಡಗುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಅಗ್ಗದ ಕಾಗದದ ಲಕೋಟೆ, ರಟ್ಟಿನ ಪೆಟ್ಟಿಗೆ ಇವೆಲ್ಲ ಗಂಧಕದ ಮೂಲಗಳೇ. ಪದರ ದಪ್ಪವಾಗುತ್ತ ಹೋದಂತೆ ಬಣ್ಣ ಒಂದು ಕ್ರಮದಲ್ಲಿ ಬದಲಾಗುತ್ತದೆ: ತಿಳಿ ಹಳದಿ, ಹೊಂಬಣ್ಣ, ಕೆನ್ನೇರಳೆ, ನೀಲಿ, ಕೊನೆಗೆ ಬೂದುಗಪ್ಪು. ಇದು ವರ್ಣದ್ರವ್ಯವಲ್ಲ, ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಕಾಣುವಂತೆ, ತೆಳು ಪದರದ ಎರಡು ಮೈಗಳಿಂದ ಹಿಂದಿರುಗುವ ಬೆಳಕಿನ ಆಟ.

ಈ ಕ್ರಮ ಗೊತ್ತಿದ್ದರೆ ನಕಲಿ ಬಣ್ಣವನ್ನೂ ಹಿಡಿಯಬಹುದು. ಆಲ್ಬಮ್‌ನಲ್ಲಿ ಕುಳಿತ ನಾಣ್ಯಕ್ಕೆ ಅನಿಲ ಅಂಚಿನಿಂದ ಒಳಬರುತ್ತದೆ, ಹಾಗಾಗಿ ಅಂಚಿನಲ್ಲಿ ನೀಲಿ, ಒಳಗೆ ಕೆನ್ನೇರಳೆ, ನಡುವೆ ಹಳದಿ ಎಂದು ಬಳೆಬಳೆಯಾಗಿ ಇಳಿಯುತ್ತದೆ. ಹಳದಿಯ ಪಕ್ಕದಲ್ಲೇ ನೀಲಿ, ನಡುವೆ ಕೆನ್ನೇರಳೆಯ ಗೆರೆಯೇ ಇಲ್ಲ ಎಂದಾದರೆ ಅನುಮಾನಿಸಿ. ಗಂಧಕ ಮತ್ತು ಶಾಖ ಕೊಟ್ಟು ಅವಸರದಲ್ಲಿ ಬಣ್ಣ ಬರಿಸಿರುವ ಸಾಧ್ಯತೆ ಹೆಚ್ಚು.

ನೂರಕ್ಕೆ 92.5 ಅಥವಾ 90 ಬೆಳ್ಳಿ ಇರುವ ನಾಣ್ಯಗಳಲ್ಲಿ ಉಳಿದದ್ದು ಸಾಮಾನ್ಯವಾಗಿ ತಾಮ್ರ. ಬೆಳ್ಳಿ ಅರ್ಧಕ್ಕಿಳಿದ ನಾಣ್ಯ ಕಂದಾಗುತ್ತದೆ, ತೇವದಲ್ಲಿ ಹಸಿರು ಕಿಲುಬನ್ನೂ ಕಟ್ಟುತ್ತದೆ. ಅದನ್ನು ತಾಮ್ರದ ನಾಣ್ಯದಂತೆಯೇ ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಸಿಗುವ ಬೆಳ್ಳಿ ತೊಳೆಯುವ ದ್ರಾವಣಗಳಲ್ಲಿ ಹೆಚ್ಚಾಗಿ ಥಯೋಯೂರಿಯಾ ಮತ್ತು ಆಮ್ಲ ಇರುತ್ತದೆ. ಅದು ಸಲ್ಫೈಡನ್ನು ಕರಗಿಸುತ್ತದೆ, ಆ ಸಲ್ಫೈಡ್ ಒಂದು ಕಾಲಕ್ಕೆ ನಾಣ್ಯದ ಮೇಲ್ಮೈಯೇ ಆಗಿತ್ತು. ಅಚ್ಚು ಒತ್ತಿದಾಗ ಮೂಡಿದ ಸೂಕ್ಷ್ಮ ಗೆರೆಗಳು ಹೋದರೆ ನಾಣ್ಯ ಬಿಳಿಯಾಗಿಯೇ ಇದ್ದರೂ ಕಳೆ ಸತ್ತಿರುತ್ತದೆ. ಅಲ್ಯೂಮಿನಿಯಂ ಹಾಳೆ, ಬಿಸಿನೀರು, ಸೋಡಾದ ಉಪಾಯ ಸಲ್ಫೈಡನ್ನು ಮತ್ತೆ ಬೆಳ್ಳಿಯಾಗಿಸುತ್ತದೆ ನಿಜ, ಆದರೆ ಮೊದಲಿನ ನುಣುಪು ಬರುವುದಿಲ್ಲ. ಸಂಗ್ರಹದ ನಾಣ್ಯಕ್ಕೆ ಎರಡೂ ಬೇಡ.

ತಾಮ್ರ, ಕಂಚು, ಹಿತ್ತಾಳೆ

ಹೊಸ ತಾಮ್ರದ ಕೆಂಪು ಕೆಲವೇ ತಿಂಗಳಲ್ಲಿ ಮಸುಕಾಗಿ, ವರ್ಷಗಳಲ್ಲಿ ಚಾಕೊಲೇಟ್ ಕಂದಿಗೆ ತಿರುಗುತ್ತದೆ. ಅದು ಆಕ್ಸೈಡ್, ಬಿಟ್ಟುಬಿಡಿ. ಬರಿಗೈಯಿಂದ ಮುಟ್ಟಿದರೆ ಬೆವರಿನ ಉಪ್ಪು ಲೋಹವನ್ನು ಕೊರೆಯುತ್ತದೆ. ಬೆರಳಚ್ಚು ಅಂದು ಕಾಣದೆ ಎಷ್ಟೋ ದಿನದ ಮೇಲೆ ಎದ್ದು ಕಾಣುತ್ತದೆ, ಆಗ ಏನೂ ಮಾಡಲಾಗದು.

ಹಸಿರಿನಲ್ಲಿ ಎರಡು ಬಗೆ. ನುಣುಪಾಗಿ, ಗಟ್ಟಿಯಾಗಿ, ಉಗುರಿಗೆ ಜಗ್ಗದೆ ಇರುವುದು ತಾಮ್ರದ ಕಾರ್ಬೊನೇಟ್, ಅದರಿಂದ ತೊಂದರೆಯಿಲ್ಲ. ತಿಳಿ ಹಸಿರಿನ, ಕಡ್ಡಿ ತಾಗಿಸಿದರೆ ಹಿಟ್ಟಿನಂತೆ ಉದುರುವ ಚುಕ್ಕೆಗಳು ಕಂಡರೆ ಅದು ಕಂಚಿನ ರೋಗ. ಒಳಗೆ ತಾಮ್ರದ ಕ್ಲೋರೈಡ್ ಕುಳಿತಿರುತ್ತದೆ. ತೇವ ಮತ್ತು ಗಾಳಿ ಸೇರಿದಾಗ ಅದು ಹಸಿರು ಪುಡಿಯಾಗುತ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ. ಹೀಗೆ ತಾನಾಗಿ ನಿಲ್ಲುವುದಿಲ್ಲ. ಹೆಸರಿನಲ್ಲಿ ರೋಗವಿದ್ದರೂ ಅಂಟುಜಾಡ್ಯವಲ್ಲ. ಒಂದೇ ಮಣ್ಣಿನಿಂದ ಬಂದ ನಾಣ್ಯಗಳಲ್ಲಿ ಒಂದೇ ಉಪ್ಪು ಇರುತ್ತದೆ, ಅಷ್ಟೇ.

ಅನುಮಾನವಿದ್ದರೆ ಮುಚ್ಚಳವಿರುವ ಡಬ್ಬಿಯಲ್ಲಿ ನಾಣ್ಯವಿಟ್ಟು, ಅದಕ್ಕೆ ತಾಗದಂತೆ ಒದ್ದೆ ಹತ್ತಿ ಇಟ್ಟು 24 ಗಂಟೆ ಬಿಡಿ. ಹೊಸ ಹಸಿರು ಚುಕ್ಕೆ ಎದ್ದರೆ ರೋಗ ಸಕ್ರಿಯವಾಗಿದೆ. ಆಗ ಮಾಡಬೇಕಾದದ್ದು:

1. ಲೆನ್ಸ್ ಹಿಡಿದು, ಮರದ ಹಲ್ಲುಕಡ್ಡಿಯಿಂದ ಪುಡಿಯನ್ನೆಲ್ಲ ಕೆರೆದು ತೆಗೆಯಿರಿ.
2. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 50 ಗ್ರಾಂ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಕರಗಿಸಿ, ಅದರಲ್ಲಿ ನೆನೆಹಾಕಿ, ಅದು ಒಳಗಿನ ಕ್ಲೋರೈಡನ್ನು ಹೊರಗೆಳೆಯುತ್ತದೆ. ವಾರಕ್ಕೊಮ್ಮೆ ದ್ರಾವಣ ಬದಲಿಸಿ. ವಾರಗಳಿಂದ ತಿಂಗಳುಗಳವರೆಗೂ ಹಿಡಿಯಬಹುದು. ಪ್ಯಾಟಿನಾದ (ಕಾಲಕ್ರಮೇಣ ಕಟ್ಟಿದ ಮೇಲ್ಪದರದ) ಬಣ್ಣ ಸ್ವಲ್ಪ ಬದಲಾಗಬಹುದು ಎಂಬುದನ್ನು ಮೊದಲೇ ಒಪ್ಪಿಕೊಂಡಿರಿ. ನಲ್ಲಿ ನೀರು ಬಳಸಿದರೆ ಅದರಲ್ಲಿರುವ ಕ್ಲೋರೈಡನ್ನೇ ಮತ್ತೆ ತುಂಬಿದಂತೆ.
3. ಬಟ್ಟಿ ಇಳಿಸಿದ ನೀರಿನಲ್ಲಿ ಹಲವು ಸಲ ತೊಳೆದು ಪೂರ್ತಿ ಒಣಗಿಸಿ.
4. ಎಥನಾಲ್‌ನಲ್ಲಿ ಕರಗಿಸಿದ ಶೇ. 3ರ ಬೆಂಜೋಟ್ರಯಜೋಲ್‌ನಲ್ಲಿ ಒಂದು ದಿನ ಮುಳುಗಿಸಿಡಿ. ಇದು ತಾಮ್ರದ ಮೇಲೆ ಕಾಯುವ ಪದರ ಕಟ್ಟುತ್ತದೆ. ಆದರೆ ವಿಷಕಾರಿ, ಕೈಗವಸು ಬೇಕೇ ಬೇಕು, ಬೆಂಕಿ ಹತ್ತಿರ ಇರಬಾರದು.
5. ಮತ್ತೆ ಒದ್ದೆ ಹತ್ತಿಯ ಪರೀಕ್ಷೆ ಮಾಡಿ. ಚುಕ್ಕೆ ಎದ್ದರೆ ಎರಡನೆಯ ಹಂತಕ್ಕೆ ವಾಪಸ್.

ಹಿತ್ತಾಳೆಗೆ ಹುಳಿ ತಾಗಿಸಲೇಬೇಡಿ. ಆಮ್ಲಕ್ಕೆ ಮೊದಲು ಸೋಲುವುದು ಅದರಲ್ಲಿರುವ ಸತು. ತಾಮ್ರ ಉಳಿದ ಕಡೆ ಗುಲಾಬಿ ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ.

ಉಳಿದವು

ನಿಕ್ಕಲ್ ಮತ್ತು ತಾಮ್ರ-ನಿಕ್ಕಲ್ ನಾಣ್ಯಗಳ ಮೇಲೆ ಮಂಜಿನಂಥ ಬೂದು ಅಥವಾ ತಿಳಿ ಹಳದಿ ಪದರ ಬರುತ್ತದೆ, ಅಲ್ಲಿಗೆ ಮುಗಿಯಿತು. ಅಲ್ಯೂಮಿನಿಯಂ ತನ್ನ ಪಾರದರ್ಶಕ ಆಕ್ಸೈಡಿನಿಂದ ಚೆನ್ನಾಗಿಯೇ ಉಳಿಯುತ್ತದೆ. ಉಪ್ಪು ತಾಗಿದಲ್ಲಿ ಬಿಳಿ ಗುಳಿ ಬೀಳುತ್ತದೆ. ಸೋಡಾದಂಥ ಕ್ಷಾರ ಅದನ್ನು ತಿಂದುಹಾಕುತ್ತದೆ. ಸತು ಬಿಳಿ ಪುಡಿಯಾಗುತ್ತದೆ. 1982ರ ನಂತರ ಅಚ್ಚಾದ ಅಮೆರಿಕದ ಒಂದು ಸೆಂಟ್ ನಾಣ್ಯಗಳು ತಾಮ್ರದ ಲೇಪವಿರುವ ಸತು. ಲೇಪ ಒಂದೆಡೆ ಒಡೆದರೆ ಸಾಕು, ಒಳಗಿನ ಸತು ಕೊಳೆತು ಗುಳ್ಳೆ ಏಳುತ್ತದೆ. ಲೇಪದ ಉಕ್ಕಿನ ನಾಣ್ಯದಲ್ಲೂ ಗೀರಿನಿಂದಲೇ ತುಕ್ಕು ಶುರು. ಶುದ್ಧ ಚಿನ್ನ ಬಣ್ಣಗೆಡುವುದಿಲ್ಲ, 22 ಕ್ಯಾರಟ್‌ನಲ್ಲಿ ಸರಿಯಾಗಿ ಬೆರೆಯದ ತಾಮ್ರ ಕೆಂಪು ಚುಕ್ಕೆಯಾಗಿ ಕಾಣಬಹುದು.

ಜಿಗುಟು ಹಸಿರು ಮತ್ತು ಪಿವಿಸಿ

ಮೆತ್ತನೆಯ ಪ್ಲಾಸ್ಟಿಕ್ ಜೇಬಿನಲ್ಲಿಟ್ಟ ನಾಣ್ಯದ ಮೇಲೆ ಹಸಿರು ಲೋಳೆ ಕಂಡರೆ ತಪ್ಪು ನಾಣ್ಯದ್ದಲ್ಲ, ಜೇಬಿನ ಪಿವಿಸಿಯದ್ದು (ಕ್ಲೋರಿನ್ ಇರುವ ಒಂದು ಬಗೆಯ ಪ್ಲಾಸ್ಟಿಕ್). ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಹಾಕಿ 10–15 ನಿಮಿಷ ಮುಳುಗಿಸಿ, ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಿ, ಎರಡನೆಯ ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ. ಒರೆಸಬೇಡಿ, ತಾನಾಗಿ ಆರುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತವೆ. ಅಸಿಟೋನ್ ಬಲು ಬೇಗ ಹೊತ್ತಿಕೊಳ್ಳುತ್ತದೆ, ಗಾಳಿಯಾಡುವಲ್ಲಿ ಮಾಡಿ. ಅದು ಜಿಡ್ಡನ್ನಷ್ಟೇ ತೆಗೆಯುತ್ತದೆ, ಆಕ್ಸೈಡ್, ಸಲ್ಫೈಡ್ ಹಾಗೆಯೇ ಉಳಿಯುತ್ತವೆ. ಅದೇ ಅದರ ಗುಣ.

ಆಮೇಲೆ ಪಿವಿಸಿ ಇಲ್ಲದ ಮೈಲಾರ್ ಅಥವಾ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಜೇಬು ಬಳಸಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಸಾಪೇಕ್ಷ ಆರ್ದ್ರತೆಯನ್ನು ಶೇ. 40ರ ಕೆಳಗೆ ಹಿಡಿಯಿರಿ. ಜೇಬು ಪಿವಿಸಿಯೋ ಅಲ್ಲವೋ ತಿಳಿಯಲು ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಜೇಬಿನ ಚೂರಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಆ ಜೇಬು ನಾಣ್ಯಕ್ಕಲ್ಲ. ಹೊಗೆ ಒಳ್ಳೆಯದಲ್ಲ, ಹೊರಗೆ ನಿಂತು ಮಾಡಿ. ನಾಣ್ಯ ಮತ್ತು ಅಸಿಟೋನ್ ಎರಡನ್ನೂ ದೂರವಿಡಿ.