ಬೆಲ್ಟಿನ ಅಳತೆಯಿಂದ ಶುರು: ಮನೆಯಲ್ಲಿ ಚೂರಿ ಮಾಡಲು ಗ್ರೈಂಡರ್ ಆರಿಸಿದ ನನ್ನ ಅನುಭವ

ಮೊದಲ ಮೂರು ಚೂರಿಗಳನ್ನು ನಾನು ಅರದಿಂದಲೇ ಉಜ್ಜಿ ಮಾಡಿದೆ. ಹಳೆಯ ಜೀಪಿನ ಸ್ಪ್ರಿಂಗ್ ಪಟ್ಟಿಯನ್ನು ಊರಿನ ಕುಲುಮೆಗೆ ಒಯ್ದು, ಕಮ್ಮಾರರ ಹತ್ತಿರ ತೆಳ್ಳಗೆ ಬಡಿಸಿಕೊಂಡು ಬಂದು, ಕೊಟ್ಟಿಗೆಯ ಪಕ್ಕದ ಬೆಂಚಿಗೆ ಬಿಗಿದು ಕೂರುತ್ತಿದ್ದೆ. ಒಂದು ಚೂರಿಗೆ ಮೂರು ಭಾನುವಾರ ಬೇಕಾಗುತ್ತಿತ್ತು. ಆ ಶ್ರಮ ವ್ಯರ್ಥವಾಗಲಿಲ್ಲ. ಅಲಗಿನ ಇಳಿಜಾರು ಬೆನ್ನಿನಿಂದ ಬಾಯಿಯವರೆಗೆ ಹೇಗೆ ಇಳಿಯಬೇಕು ಎಂಬುದು ಕೈಗೆ ಹತ್ತಿದ್ದು ಅರದಿಂದಲೇ. ಆದರೆ ನೆಂಟರು, ನೆರೆಯವರು ಅಡುಗೆಮನೆಗೊಂದು ಚೂರಿ ಮಾಡಿಕೊಡು ಎಂದು ಕೇಳತೊಡಗಿದಾಗ ಯಂತ್ರವಿಲ್ಲದೆ ಆಗುವುದಿಲ್ಲ ಎನ್ನಿಸಿತು.

ಬೇಕಾದದ್ದು ಬೆಲ್ಟ್ ಗ್ರೈಂಡರ್, ಅಂದರೆ ಉಜ್ಜುಕಾಗದದಂಥ ಬೆಲ್ಟ್ ಚಕ್ರಗಳ ಮೇಲೆ ಸುತ್ತುತ್ತ ಉಕ್ಕನ್ನು ಉಜ್ಜುವ ಯಂತ್ರ. ಮೊದಲು ಕೊಂಡದ್ದು ಒಂದು ಇಂಚು ಅಗಲ, 30 ಇಂಚು ಉದ್ದದ ಬೆಲ್ಟಿನ ಪುಟ್ಟದು. ಬೆಲೆ ಕಡಿಮೆ, ಮೇಜಿನ ಮೇಲೆ ಕೂರುತ್ತದೆ, ಮನೆಯ ಪ್ಲಗ್ಗಿಗೇ ಸಾಕು. ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ, ಕುಡುಗೋಲಿಗೆ ಸಾಣೆ ಹಿಡಿಯಲು ಅದು ಇಂದಿಗೂ ನನಗೆ ಒಳ್ಳೆಯ ಯಂತ್ರ. ಸಾಣೆ ಹಿಡಿಯುವುದಷ್ಟೇ ನಿಮ್ಮ ಕೆಲಸವಾದರೆ ಅಲ್ಲಿಗೇ ನಿಲ್ಲಿ, ಹೆಚ್ಚು ಖರ್ಚು ಬೇಡ. ಹೊಸ ಅಲಗನ್ನು ರೂಪಿಸುವುದು ಮಾತ್ರ ಬೇರೆಯೇ ಕೆಲಸ.

ಒಂದು ಸಂಜೆ, ಗಟ್ಟಿ ಮಾಡಿ ಹದಕ್ಕೆ ತಂದಿದ್ದ ಅಲಗಿನ ತುದಿಯನ್ನು ಆ ಯಂತ್ರಕ್ಕೆ ಹಿಡಿದಿದ್ದೆ. ಬೆಲ್ಟ್ ಸವೆದಿತ್ತು, ಆದರೂ ಇನ್ನೊಂದಿಷ್ಟು ಎಳೆಯಲಿ ಎಂದು ಒತ್ತಿದೆ. ಮೊನೆಯಲ್ಲಿ ಒಣಹುಲ್ಲಿನ ಹಳದಿ ಕಾಣಿಸಿತು. ಕೈ ಹಿಂದೆಗೆಯುವಷ್ಟರಲ್ಲಿ ಅದು ಕಂದಾಗಿ, ನೇರಳೆಯಾಗಿ, ನವಿಲಿನ ಕತ್ತಿನಂಥ ನೀಲಿಗೆ ತಿರುಗಿತ್ತು. ಉಕ್ಕು ಆ ನೀಲಿಗೆ ಬರಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ನಾನು ಓವನ್ನಿನಲ್ಲಿ ಎರಡು ಗಂಟೆ ಇಟ್ಟು ಹದ ಮಾಡಿದ್ದು 200 ಡಿಗ್ರಿಯಲ್ಲಿ. ಅಂದರೆ ಅಷ್ಟು ಭಾಗದ ಗಟ್ಟಿತನ ಹೋಯಿತು, ಮತ್ತೆ ಕುಲುಮೆಗೆ ಹಾಕದೆ ಅದು ಮರಳಿ ಬರುವುದಿಲ್ಲ. ತುದಿಯನ್ನು ಬೆರಳಗಲ ಕತ್ತರಿಸಿ, ಗಿಡ್ಡ ಚೂರಿಯಾಗಿ ಮುಗಿಸಿದೆ. ಅಂದು ರಾತ್ರಿಯೇ ಕೂತು ಲೆಕ್ಕ ಹಾಕಿದೆ.

ಒಂದು ಇಂಚು ಅಗಲ, 30 ಇಂಚು ಉದ್ದವೆಂದರೆ 30 ಚದರ ಇಂಚು. ಚೂರಿ ಮಾಡುವವರು ಹೆಚ್ಚಾಗಿ ಬಳಸುವ ಎರಡು ಇಂಚು ಅಗಲ, 72 ಇಂಚು ಉದ್ದದ ಬೆಲ್ಟಿನಲ್ಲಿ 144 ಚದರ ಇಂಚು. ಉಕ್ಕನ್ನು ಕಡಿಯುವ ಕಾಳುಗಳು ಹೆಚ್ಚುಕಡಿಮೆ ಐದು ಪಟ್ಟು. ಪ್ರತಿ ಕಾಳೂ ಒಂದು ಸುತ್ತು ಹೋಗಿ ಬರುವಾಗ ಗಾಳಿಗೆ ತಣಿಯುತ್ತದೆ, ನಿಧಾನ ಸವೆಯುತ್ತದೆ. ನಾನು ವಿಚಾರಿಸಿದ ಕಡೆಗಳಲ್ಲಿ ದೊಡ್ಡ ಬೆಲ್ಟಿನ ಬೆಲೆ ಮಾತ್ರ ಐದು ಪಟ್ಟು ಇರಲಿಲ್ಲ, ಎರಡು ಪಟ್ಟಿನ ಆಸುಪಾಸಿನಲ್ಲಿತ್ತು. ಯಂತ್ರವನ್ನು ಕೊಳ್ಳುವುದು ಒಮ್ಮೆ, ಬೆಲ್ಟನ್ನು ಕೊಳ್ಳುವುದು ತಿಂಗಳು ತಿಂಗಳು. ಅಗ್ಗದ ಯಂತ್ರ ಹುಡುಕುವವರು ಈ ಲೆಕ್ಕವನ್ನು ಮೊದಲೇ ಮಾಡಬೇಕು. ನಾನು ಮಾಡಿದ್ದು ಒಂದು ಯಂತ್ರ ಕೊಂಡ ಮೇಲೆ.

ಹೀಗೆ ಅಳತೆ ನಿಕ್ಕಿಯಾಯಿತು: 50 ಮಿ.ಮೀ. ಅಗಲ, 1830 ಮಿ.ಮೀ. ಉದ್ದ. ಒರಟು ಸೆರಾಮಿಕ್ ಬೆಲ್ಟಿನಿಂದ ಹಿಡಿದು ನಯವಾದವುಗಳವರೆಗೆ ಈ ಅಳತೆಯಲ್ಲಿ ಎಲ್ಲವೂ ಸಿಗುತ್ತವೆ. ಎಮರಿ ರೋಲನ್ನು ಕತ್ತರಿಸಿ ಬೇಕಾದ ಉದ್ದಕ್ಕೆ ಅಂಟಿಸಿಕೊಡುವ ಅಂಗಡಿಗಳೂ ಇವೆ. ಅಲ್ಲಿ ಮಾಡಿಸುವುದಾದರೆ ಒಂದರ ಮೇಲೊಂದು ಏರಿಸಿದ ಜೋಡಣೆ ಬೇಡ, ಅಂಚಿಗೆ ಅಂಚು ಕೂಡಿಸಿ ಹಿಂದೆ ಪಟ್ಟಿ ಅಂಟಿಸಿದ್ದೇ ಬೇಕು ಎಂದು ಕೇಳಿ. ಏರಿಸಿದ ಜೋಡಣೆ ಪ್ರತಿ ಸುತ್ತಿಗೂ ಅಲಗಿಗೆ ಟಪ್ಪೆಂದು ಬಡಿಯುತ್ತದೆ, ನಯ ಮಾಡುವಾಗ ಅದರ ಗುರುತು ಉಳಿಯುತ್ತದೆ.

ಈ ಅಳತೆಯ ಸಿದ್ಧ ಯಂತ್ರಗಳನ್ನು ನೋಡಿದೆ. ಒಳ್ಳೆಯವು ನನ್ನ ಕೈಗೆ ಎಟುಕಲಿಲ್ಲ. ಎಟುಕುವಂತಿದ್ದ ಒಂದರ ಚಕ್ರಕ್ಕೆ ಚಾಕ್‌ಪೀಸ್ ಹಿಡಿದು ಕೈಯಿಂದ ತಿರುಗಿಸಿದೆ. ಗೆರೆ ಅರ್ಧ ಸುತ್ತಿಗಷ್ಟೇ ಬಿತ್ತು. ಚಕ್ರ ಸರಿಯಾದ ದುಂಡಿಗೆ ಇಲ್ಲದಿದ್ದರೆ ಬೆಲ್ಟ್ ನಡುಗುತ್ತದೆ, ಅಲಗಿನ ಮೇಲೆ ಅಲೆ ಏಳುತ್ತದೆ. ಕೊಳ್ಳುವವರು ಈ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ ನೋಡಲಿ. ನಾನು ಬರಿಗೈಯಲ್ಲಿ ಹಿಂದಿರುಗಿ, ಮಾಡಿಸುವುದೆಂದು ನಿರ್ಧರಿಸಿದೆ.

ಗುಜರಿ ಅಂಗಡಿಯಲ್ಲಿ ಎರಡು ಎಚ್‌ಪಿಯ ತ್ರೀ ಫೇಸ್ ಮೋಟಾರ್ ಸಿಕ್ಕಿತು, 1440 ಆರ್‌ಪಿಎಂ. ಮೈಯೆಲ್ಲ ಮುಚ್ಚಿದ, ಹಿಂದೆ ಫ್ಯಾನ್ ಇರುವ ಮೋಟಾರೇ ಆಗಬೇಕೆಂದು ಹಠ ಹಿಡಿದಿದ್ದೆ. ಕಿಂಡಿಗಳಿರುವ ಮೋಟಾರಿನೊಳಗೆ ಉಕ್ಕಿನ ಧೂಳು ಸೇರಿದರೆ ಒಂದು ದಿನ ಶಾರ್ಟ್ ಆಗುವುದೇ. ಅದರ ಶಾಫ್ಟಿಗೆ 150 ಮಿ.ಮೀ. ವ್ಯಾಸದ ಚಕ್ರ ಕೂರಿಸಿದರೆ ಬೆಲ್ಟ್ ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. ಒರಟು ಕೆಲಸಕ್ಕೆ ಅದು ಸಾಕು. ಆದರೆ ಗಟ್ಟಿ ಮಾಡಿದ ಅಲಗನ್ನು ಮುಗಿಸಲು, ಮರದ ಹಿಡಿ ತಿದ್ದಲು ನಿಧಾನ ಬೇಕು. ಅದಕ್ಕಾಗಿ ವೇಗ ಬದಲಿಸುವ ವಿಎಫ್‌ಡಿ ಕೊಂಡೆ. ಮನೆಯ ಸಿಂಗಲ್ ಫೇಸ್ ಕರೆಂಟನ್ನೇ ತೆಗೆದುಕೊಂಡು ಅದು ತ್ರೀ ಫೇಸ್ ಮೋಟಾರನ್ನು ಓಡಿಸುತ್ತದೆ. ಮನೆಗೆ ತ್ರೀ ಫೇಸ್ ಸಂಪರ್ಕ ಬೇಡ ಎಂಬುದೇ ನನಗೆ ದೊಡ್ಡ ಉಳಿತಾಯ.

ಜೋಡಿಸಿ ಒತ್ತಿದೆ, ಬೆಲ್ಟ್ ಓಡಿತು. ಉಕ್ಕು ತಾಗಿಸಿದ ಕೂಡಲೇ ನಿಂತುಹೋಯಿತು. ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ವೈಂಡಿಂಗ್ ಮಾಡುವವರ ಹತ್ತಿರ ಮೋಟಾರನ್ನು ಹೊತ್ತುಕೊಂಡು ಹೋದರೆ, ಅವರು ಅದರ ವೈರ್ ಡಬ್ಬಿ ಬಿಚ್ಚಿ ನೋಡಿ ಹೇಳಿದರು: "ಮೂರೇ ವೈರ್ ಹೊರಗೆ ಬಂದಿದೆ ನೋಡಿ ಅಣ್ಣ. ಸ್ಟಾರ್ ಒಳಗೇ ಕಟ್ಟಿದ್ದಾರೆ. ಆರನ್ನೂ ಹೊರಗೆ ತೆಗೆದು ಡೆಲ್ಟಾ ಮಾಡಬೇಕು." ಸ್ಟಾರ್, ಡೆಲ್ಟಾ ಎಂದರೆ ಮೋಟಾರಿನೊಳಗಿನ ಮೂರು ಸುರುಳಿಗಳನ್ನು ಜೋಡಿಸುವ ಎರಡು ಬಗೆ. ಸ್ಟಾರ್‌ನಲ್ಲಿ ಕಟ್ಟಿದ ಆ ಮೋಟಾರ್ 415 ವೋಲ್ಟಿನದು. ನನ್ನ ವಿಎಫ್‌ಡಿ ಕೊಡುವುದು 230 ವೋಲ್ಟ್. ಹಾಗಾದಾಗ ಮೋಟಾರಿನ ಬಲ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆರೂ ವೈರ್ ಹೊರಬಂದು ಡೆಲ್ಟಾ ಆದ ದಿನ ಅದೇ ಮೋಟಾರ್ ಬೇರೆಯೇ ಮೋಟಾರಿನಂತೆ ಎಳೆಯಿತು. ಹಳೆಯ ಮೋಟಾರ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಆ ಡಬ್ಬಿಯ ಮುಚ್ಚಳ ತೆಗೆಸಿ ವೈರ್ ಎಣಿಸಬೇಕು.

ಚಕ್ರಗಳನ್ನು ಶಿವಮೊಗ್ಗದ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನಲ್ಲಿ ಕಡೆಸಿದೆ. ಬೇರಿಂಗ್ 6203, ಎರಡೂ ಕಡೆ ರಬ್ಬರ್ ಮುಚ್ಚಿಗೆ ಇರುವುದು. ತಗಡಿನ ಮುಚ್ಚಿಗೆಯಾದರೆ ಧೂಳು ಒಳಗೆ ನುಸುಳುತ್ತದೆ. ಬೆಲ್ಟಿನ ದಾರಿ ತಿದ್ದುವ ಮೇಲಿನ ಚಕ್ರ ನಡುವೆ ತುಸು ಉಬ್ಬಿರಬೇಕು. ಓಡುವ ಬೆಲ್ಟ್ ಯಾವಾಗಲೂ ಆ ಉಬ್ಬನ್ನು ಹತ್ತಲು ನೋಡುತ್ತದೆ, ಹಾಗಾಗಿ ನಡುವಿನಲ್ಲೇ ನಿಲ್ಲುತ್ತದೆ. ಲೇತಿನವರು ಮೊದಲು ಸಪಾಟಾಗಿ ಕಡೆದುಕೊಟ್ಟರು, ಬೆಲ್ಟ್ ಎರಡೇ ಕ್ಷಣದಲ್ಲಿ ಪಕ್ಕಕ್ಕೆ ಜಾರಿ ಬಿತ್ತು. ಅಂಚುಗಳನ್ನು ಒಂದೊಂದು ಮಿ.ಮೀ. ಇಳಿಸಿದ ಮೇಲೆ, ಹಿಂದಿನ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಬೆಲ್ಟ್ ಹೇಳಿದಲ್ಲಿ ನಿಲ್ಲುತ್ತಿದೆ.

ಖರ್ಚು: ಮೋಟಾರಿಗೆ ವೈಂಡಿಂಗ್ ಕೂಲಿ ಸೇರಿ 4,500, ವಿಎಫ್‌ಡಿಗೆ 9,000, ಚಕ್ರಗಳಿಗೆ 6,000, ಚೌಕಟ್ಟಿಗೂ ವೆಲ್ಡಿಂಗಿಗೂ 5,500. ಒಟ್ಟು 25,000 ರೂಪಾಯಿ. ಹಣ ಸಾಲದಿದ್ದರೆ ಚೌಕಟ್ಟನ್ನು ಒರಟಾಗಿ ಮಾಡಿಸಿ, ಚಕ್ರದಲ್ಲಿ ಮಾತ್ರ ಉಳಿತಾಯ ಮಾಡಬೇಡಿ.

ವಿಎಫ್‌ಡಿಯನ್ನು ಗೋಡೆಯ ಆಚೆ ಬದಿಗೆ ಹಾಕಿ, ಈಚೆಗೆ ವೇಗದ ಗುಂಡಿ ಮತ್ತು ನಿಲ್ಲಿಸುವ ಸ್ವಿಚ್ ಮಾತ್ರ ತಂದಿದ್ದೇನೆ. ಅದರ ಫ್ಯಾನ್ ಉಕ್ಕಿನ ಧೂಳನ್ನು ಎಳೆದುಕೊಂಡರೆ ಉಳಿಯುವುದಿಲ್ಲ. ಸಂಜೆ ನಮ್ಮಲ್ಲಿ ವೋಲ್ಟೇಜ್ ಬೀಳುತ್ತದೆ, ಅದು ತಾನಾಗಿ ನಿಂತುಬಿಡುತ್ತದೆ. ಬೆಳಿಗ್ಗೆಯೇ ಕೆಲಸ ಮಾಡುತ್ತೇನೆ. ಕಿಡಿ ಬೀಳುವ ಕಡೆ ನೀರಿನ ಬಕೆಟ್ ಇದೆ. ಮರದ ಹಿಡಿ ಉಜ್ಜುವ ಮೊದಲು ಸುತ್ತಲಿನ ಮರದ ಪುಡಿ, ಉಕ್ಕಿನ ಧೂಳು ಎರಡನ್ನೂ ಪೂರ್ತಿ ಗುಡಿಸುತ್ತೇನೆ, ಏಕೆಂದರೆ ಮರದ ಪುಡಿಯಲ್ಲಿ ಅಡಗಿದ ಕಿಡಿ ಗಂಟೆಯ ನಂತರವೂ ಹೊತ್ತಿಕೊಳ್ಳಬಲ್ಲದು. ಮಾಸ್ಕ್, ಕನ್ನಡಕ ಇಲ್ಲದೆ ಸ್ವಿಚ್ ಮುಟ್ಟುವುದಿಲ್ಲ. ಕೈಗವಸು ಹಾಕುವುದಿಲ್ಲ, ಬೆಲ್ಟ್ ಅದನ್ನು ಕಚ್ಚಿದರೆ ಬೆರಳನ್ನೂ ಎಳೆಯುತ್ತದೆ, ಜೊತೆಗೆ ಅಲಗಿನ ಕಾವು ಮೊದಲು ತಿಳಿಯಬೇಕಾದ್ದು ಬೆರಳಿಗೇ. ಬಿಸಿ ತಟ್ಟಿದ ಕೂಡಲೇ ನೀರಿಗೆ.

ಕಳೆದ ವಾರ ಅಮ್ಮನ ಈಳಿಗೆಮಣೆಯ ಅಲಗನ್ನು ಬಿಚ್ಚಿ ತಂದೆ. ಅಜ್ಜಿಯ ಕಾಲದ್ದು, ನಡುವೆ ಸವೆದು ತಗ್ಗಾಗಿದೆ. ವಿಎಫ್‌ಡಿಯನ್ನು 15 ಹರ್ಟ್ಸ್‌ಗೆ ಇಳಿಸಿ, 220 ಗ್ರಿಟ್‌ನ ನಯವಾದ ಹೊಸ ಬೆಲ್ಟ್ ಹಾಕಿ, ಹಿಂದೆ ಪ್ಲೇಟನ್ (ಬೆಲ್ಟಿಗೆ ಆನಿಕೆ ಕೊಡುವ ಸಪಾಟು ಪಟ್ಟಿ) ಇಲ್ಲದ ಮೆತ್ತನೆಯ ಭಾಗಕ್ಕೆ ಹಗುರವಾಗಿ ಮುಟ್ಟಿಸಿದೆ. ಅಲಗು ಬೆಚ್ಚಗೂ ಆಗಲಿಲ್ಲ. ಆ ತಗ್ಗನ್ನು ಹಾಗೇ ಬಿಟ್ಟು ಬಾಯಿಯನ್ನಷ್ಟೇ ಎಬ್ಬಿಸಿದೆ. ಅಮ್ಮ ಅದೇ ಸಂಜೆ ಬಾಳೆದಿಂಡು ಹೆಚ್ಚಿದರು.