ನಾಲ್ಕು ಕಿವಿಗೆ ಒಂದೇ ಆಲ್ಬಮ್

ಹಳೆಯ ರಾಕ್, ಪಾಪ್ ಆಲ್ಬಮ್‌ಗಳ ಬಗ್ಗೆ ಇಬ್ಬರು ವಾದಕ್ಕಿಳಿದರೆ ಅರ್ಧ ಜಗಳ ಅಭಿರುಚಿಯದ್ದಾಗಿರುವುದಿಲ್ಲ. ಇಬ್ಬರೂ ಕೇಳಿದ್ದೇ ಬೇರೆ ಬೇರೆ. ಬೀಟಲ್ಸ್‌ನ 1968ರ ‘ವೈಟ್ ಆಲ್ಬಮ್’ನಲ್ಲಿ ‘ಹೆಲ್ಟರ್ ಸ್ಕೆಲ್ಟರ್’ ಮುಗಿಯುವಾಗ ಬೆರಳಲ್ಲಿ ಬೊಬ್ಬೆ ಬಂತೆಂದು ಡ್ರಮ್ ಬಾರಿಸುವ ರಿಂಗೋ ಕೂಗುವುದು ಸ್ಟೀರಿಯೋದಲ್ಲಿದೆ (ಎರಡು ಸ್ಪೀಕರಿಗೆ ಬೇರೆ ಬೇರೆ ಸದ್ದು), ಮೋನೋದಲ್ಲಿ (ಎರಡಕ್ಕೂ ಒಂದೇ ಸದ್ದು) ಇಲ್ಲವೇ ಇಲ್ಲ. ಮೋನೋ ಹಾಡು ಮುಕ್ಕಾಲು ನಿಮಿಷದಷ್ಟು ಮೊದಲೇ ನಿಂತುಹೋಗುತ್ತದೆ. ಒಬ್ಬ ಆ ಕೂಗನ್ನು ಹೊಗಳುತ್ತಿದ್ದರೆ ಇನ್ನೊಬ್ಬನಿಗೆ ತಲೆಬುಡ ತಿಳಿಯುವುದಿಲ್ಲ.

ಹಾಗಾಗಿ ನಾವಿಬ್ಬರು ಕೇಳಲು ಕೂರುವ ಮೊದಲು ಮಾಡುವ ಕೆಲಸ, ಪ್ರತಿ ಹಾಡಿನ ಅವಧಿಯನ್ನು ಹೋಲಿಸಿ ನೋಡುವುದು. ಎರಡು ನಿಮಿಷದ ಕೆಲಸ. ಒಂದೆರಡು ಸೆಕೆಂಡಿನ ವ್ಯತ್ಯಾಸ ಇದ್ದರೆ ಇರಲಿ, ಅದು ಹಾಡುಗಳ ನಡುವಿನ ಮೌನದ ಲೆಕ್ಕ. ಐದು ಸೆಕೆಂಡ್ ದಾಟಿದರೆ ಮಿಕ್ಸ್ (ದನಿ, ವಾದ್ಯಗಳನ್ನು ಬೆರೆಸಿದ ಹದ) ಬೇರೆ, ಇಲ್ಲವೇ ವೇಗ ಬೇರೆ. 1967ರ ‘ಸಾರ್ಜೆಂಟ್ ಪೆಪ್ಪರ್ಸ್’ನ ‘ಶೀಸ್ ಲೀವಿಂಗ್ ಹೋಮ್’ ಇದಕ್ಕೆ ಒಳ್ಳೆಯ ಪಾಠ. ಮೋನೋದಲ್ಲಿ ಅದು ಬೇಗ ಓಡುತ್ತದೆ, ಶ್ರುತಿಯೂ ಸುಮಾರು ಅರ್ಧ ಸ್ವರ ಮೇಲೆ. ಮೂಲ ಸ್ಟೀರಿಯೋದಲ್ಲಿ ನಿಧಾನ, ಹಾಡುವವರ ದನಿಯೂ ದಪ್ಪ. 2017ರ ಹೊಸ ಮಿಕ್ಸ್ ಸ್ಟೀರಿಯೋ ಆದರೂ ಓಡುವುದು ಮೋನೋದ ವೇಗದಲ್ಲೇ. ‘ಈ ಹಾಡು ಎಳೆಯುತ್ತದೆ’ ಎಂದು ಒಬ್ಬರು ಬರೆದರೆ, ಯಾವುದು ಎಳೆಯುತ್ತದೆ ಎಂದು ಕೇಳದೆ ಉತ್ತರ ಕೊಡಬಾರದು. ಆ ಕಾಲದಲ್ಲಿ ಬೀಟಲ್ಸ್ ತಾವೇ ಕೂತು ಆಸಕ್ತಿ ವಹಿಸಿದ್ದು ಮೋನೋ ಮಿಕ್ಸ್‌ಗೆ. ಸ್ಟೀರಿಯೋ ಕೆಲವೇ ದಿನಗಳಲ್ಲಿ ಅವರಿಲ್ಲದೆ ಮುಗಿದ ಕೆಲಸ. ನಮ್ಮಿಬ್ಬರ ಮತ ಮೋನೋಗೇ.

ರೋಲಿಂಗ್ ಸ್ಟೋನ್ಸ್‌ನ ‘ಬೆಗರ್ಸ್ ಬ್ಯಾಂಕ್ವೆಟ್’ ಕೂಡ ಇದೇ ಜಾತಿಯದ್ದು. 1968ರಿಂದ ದಶಕಗಳ ಕಾಲ ತುಸು ನಿಧಾನವಾಗಿಯೇ ಓಡುತ್ತಿತ್ತು, 2002ರ ಮರುಬಿಡುಗಡೆಯಲ್ಲಿ ವೇಗ ಸರಿಯಾಯಿತು.

ಮಿಕ್ಸ್, ವೇಗ ಒಂದೇ ಆಯಿತು ಅಂದುಕೊಳ್ಳೋಣ. ಮುಂದಿನ ಮೋಸ ವಾಲ್ಯೂಮಿನದ್ದು, ಅದೇ ದೊಡ್ಡದು. ಒಂದು ಡೆಸಿಬೆಲ್ ಜೋರಾದರೆ ಕಿವಿಗೆ ‘ಜೋರು’ ಅನ್ನಿಸುವುದಿಲ್ಲ. ‘ಸ್ಪಷ್ಟ’, ‘ಬೇಸ್ ತುಂಬಿದೆ’ ಅನ್ನಿಸುತ್ತದೆ. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ಮಂದ್ರದ ಸ್ವರಗಳಿಗೆ ಮೊದಲು ಮಂಕಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರೀಮಾಸ್ಟರ್‌ಗಳು, ಅಂದರೆ ಹಳೆಯ ಧ್ವನಿಮುದ್ರಣವನ್ನೇ ಹೊಸದಾಗಿ ಹದಗೊಳಿಸಿ ತಂದವು, ಬಹುಪಾಲು ಹಳೆಯ ಸಿ.ಡಿ.ಗಿಂತ ಜೋರು. ವಾಲ್ಯೂಮ್ ಗುಂಡಿ ಮುಟ್ಟದೆ ಎರಡನ್ನೂ ಹಾಕಿದರೆ ಮೊದಲ ನಿಮಿಷದಲ್ಲಿ ಗೆಲ್ಲುವುದು ಹೊಸದೇ.

ಸರಿ ಹೊಂದಿಸುವ ಬಗೆ ಹೀಗೆ. ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ, ಸದ್ದು ಅಳೆಯುವ ಆಪ್ ಇರುವ ಫೋನನ್ನು ಇಡಿ. ಎರಡೂ ಮುದ್ರಣಗಳಲ್ಲಿ ಅದೇ ಹಾಡಿನ ಅದೇ ಒಂದು ನಿಮಿಷ ಹಾಕಿ, ಸರಾಸರಿ ಓದಿ. ಫೋನ್ ತೋರಿಸುವ ಅಂಕಿ ನಿಜವೋ ಸುಳ್ಳೋ ಮುಖ್ಯವಲ್ಲ, ಎರಡರ ನಡುವಿನ ಅಂತರ ಸಾಕು. ಅರ್ಧ ಡೆಸಿಬೆಲ್ ಒಳಗೆ ಬರುವವರೆಗೆ ಗುಂಡಿ ತಿರುಗಿಸಿ, ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಕಂಪ್ಯೂಟರಿನಲ್ಲಿ ಕೇಳುವವರಿಗೆ ರೀಪ್ಲೇಗೇನ್ ಎಂಬ ಸದ್ದು ಸಮ ಮಾಡುವ ಸೌಲಭ್ಯ ಈ ಕೆಲಸ ಮಾಡುತ್ತದೆ. ಆದರೆ ಅದನ್ನು ‘ಆಲ್ಬಮ್’ಗೆ ಇಡಬೇಕು, ‘ಟ್ರ್ಯಾಕ್’ಗೆ ಇಟ್ಟರೆ ಕೆಟ್ಟಿತು. ಪಿಸುಗುಟ್ಟುವ ಹಾಡು, ಆರ್ಭಟಿಸುವ ಹಾಡು ಎರಡೂ ಒಂದೇ ಎತ್ತರಕ್ಕೆ ಬಂದು ಆಲ್ಬಮ್‌ನ ಏರಿಳಿತವೇ ಸತ್ತುಹೋಗುತ್ತದೆ.

ಸಮ ಮಾಡಿ ಕೇಳಿದಾಗ ತೀರ್ಪು ಎಷ್ಟೋ ಸಲ ತಿರುಗಿಬೀಳುತ್ತದೆ. ಸ್ಟೂಜಸ್ ತಂಡದ ‘ರಾ ಪವರ್’ಗೆ ಗಾಯಕ ಡೇವಿಡ್ ಬೋವಿಯ 1973ರ ಮಿಕ್ಸ್ ಇದೆ, 1997ರಲ್ಲಿ ತಂಡದ ಗಾಯಕ ಇಗ್ಗಿ ಪಾಪ್ ಮಾಡಿಸಿದ ಮಿಕ್ಸ್ ಇದೆ. ಎರಡನೆಯದನ್ನು ಸದ್ದನ್ನು ಅಲೆಗಳಾಗಿ ತೋರಿಸುವ ಆಡಾಸಿಟಿ ತಂತ್ರಾಂಶದಲ್ಲಿ ತೆರೆದರೆ ಅಲೆಗಳ ತಲೆ ಕತ್ತರಿಯಲ್ಲಿ ಸಮನಾಗಿ ಕತ್ತರಿಸಿದ ಬೇಲಿಯ ಹಾಗೆ ಕಾಣುತ್ತದೆ. ಡ್ರಮ್ ಏಟು ಚಿಮ್ಮಲು ಮೇಲೆ ಜಾಗವೇ ಉಳಿದಿಲ್ಲ. ಬೋವಿಯದ್ದು ತೆಳ್ಳಗಿದೆ, ಬೇಸ್ ಎಲ್ಲೋ ಕಳೆದುಹೋಗಿದೆ, ಆದರೂ ಅಲ್ಲಿ ಉಸಿರಾಟ ಇದೆ. ಇಲ್ಲಿ ನಮ್ಮಿಬ್ಬರಿಗೆ ಇವತ್ತಿಗೂ ಒಮ್ಮತವಿಲ್ಲ. ಇರಲಿ, ಇದಾದರೂ ಅಭಿರುಚಿಯ ಜಗಳ.

ಇಬ್ಬರಿಗೆ ಕೂರುವ ಜಾಗ ತಲೆನೋವು. ಎರಡು ಸ್ಪೀಕರ್‌ಗೂ ಸಮದೂರದ ಕುರ್ಚಿ ಒಂದೇ. ಪಕ್ಕಕ್ಕೆ ಕೂತವರಿಗೆ ಹತ್ತಿರದ ಸ್ಪೀಕರಿನ ಸದ್ದು ಮೊದಲು ತಲುಪುವುದರಿಂದ ನಡುವೆ ನಿಲ್ಲಬೇಕಾದ ಹಾಡುಗಾರ ಆ ಕಡೆಗೆ ಜಾರುತ್ತಾನೆ. ನಾವು ಒಬ್ಬರ ಹಿಂದೆ ಒಬ್ಬರು, ಹಿಂದಿನ ಕುರ್ಚಿ ಗೇಣುದ್ದ ಎತ್ತರ ಮಾಡಿಕೊಂಡು ಕೂರುತ್ತೇವೆ; ರೆಕಾರ್ಡು ತಿರುವಿ ಹಾಕುವಾಗ ಜಾಗ ಬದಲು. ಬೀಚ್ ಬಾಯ್ಸ್‌ನ 1966ರ ‘ಪೆಟ್ ಸೌಂಡ್ಸ್’ನಂಥ ಮೋನೋ ಆಲ್ಬಮ್‌ಗೆ ಈ ಪಾಡಿಲ್ಲ. ಹೆಡ್‌ಫೋನಿನ ತೊಂದರೆ ಬೇರೆ. ಒಂದೇ ಕವಲು ಪಿನ್ನಿಗೆ ಎರಡು ಬೇರೆ ಕಂಪನಿಯ ಹೆಡ್‌ಫೋನ್ ಚುಚ್ಚಿದರೆ ಒಂದು ಜೋರು, ಒಂದು ಮೆತ್ತಗೆ. ಒಂದೇ ಮಾದರಿಯ ಜೋಡಿ ಬೇಕು. 1965ರ ‘ರಬ್ಬರ್ ಸೋಲ್’ ಮೂಲ ಸ್ಟೀರಿಯೋದಲ್ಲಿ ವಾದ್ಯಗಳೆಲ್ಲ ಒಂದು ಕಿವಿಗೆ, ಹಾಡು ಇನ್ನೊಂದಕ್ಕೆ. ಹತ್ತು ನಿಮಿಷಕ್ಕೆ ತಲೆ ಭಾರ. ಆಗ ಮೋನೋ ಗುಂಡಿ ಒತ್ತುವುದೇ ವಾಸಿ.

ಷಫಲ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರೊಳಗೆ ಬೆರೆಸುವುದು) ಆಫ್ ಮಾಡಿಡಬೇಕು ಅನ್ನುವುದನ್ನು ಹೇಳಬೇಕಿಲ್ಲ. ಸ್ಟ್ರೀಮಿಂಗಿನಲ್ಲಿ ಮರೆಯುವುದು ಬೇರೆ ಎರಡು. ಒಂದು, ಕೊನೆಗೆ ಅಂಟಿಸಿದ ಬೋನಸ್ ಹಾಡುಗಳು. ‘ಪೆಟ್ ಸೌಂಡ್ಸ್’ ಮುಗಿಯುವುದು ರೈಲು ಹಾದುಹೋಗಿ ನಾಯಿ ಬೊಗಳುವ ಸದ್ದಿನಲ್ಲಿ. ಅದರ ಬೆನ್ನಿಗೇ ಇನ್ನೊಂದು ಹಾಡು ಶುರುವಾದರೆ ಆ ಮುಕ್ತಾಯ ಹಾಳು. ಇನ್ನೊಂದು, ಮಗ್ಗುಲು ಬದಲಿಸುವ ಬಿಡುವು. 1969ರ ‘ಆಬೀ ರೋಡ್’ನ ಮೊದಲ ಬದಿ ‘ಐ ವಾಂಟ್ ಯೂ’ ಹಾಡಿನ ನಡುವೆಯೇ ದಾರ ಕಡಿದ ಹಾಗೆ ನಿಲ್ಲುತ್ತದೆ. ರೆಕಾರ್ಡಿನಲ್ಲಿ ಅದಾದ ಮೇಲೆ ಎದ್ದು ತಿರುವಿ ಹಾಕುವಷ್ಟು ಮೌನವಿದೆ. ಫೋನಿನಲ್ಲಿ ಉಸಿರು ಬಿಡುವ ಮೊದಲೇ ‘ಹಿಯರ್ ಕಮ್ಸ್ ದ ಸನ್’. ನಾವು ಅಲ್ಲಿ ನಿಲ್ಲಿಸಿ ಎರಡು ನಿಮಿಷ ಸುಮ್ಮನಿರುತ್ತೇವೆ.

ಆ ಎರಡು ನಿಮಿಷದಲ್ಲಿ ಮಾತಿಲ್ಲ, ಬರವಣಿಗೆ. ಮೊದಲು ಬಾಯಿ ತೆರೆದವರ ಅಭಿಪ್ರಾಯ ಇನ್ನೊಬ್ಬರಿಗೂ ಅಂಟಿಬಿಡುತ್ತದೆ, ಅದಕ್ಕೆ ಈ ಕಟ್ಟುಪಾಡು. ಚೀಟಿಯಲ್ಲಿ ಹಾಡು, ನಿಮಿಷ–ಸೆಕೆಂಡ್, ಕೇಳಿಸಿದ್ದೇನು ಅನ್ನುವುದಷ್ಟೇ. ‘ಅದ್ಭುತ’, ‘ಕ್ಲಾಸಿಕ್’ ಬರೆದರೆ ಹೊಡೆದುಹಾಕುತ್ತೇವೆ. ನಕ್ಷತ್ರ ಕೊಡುವುದೂ ಇಲ್ಲ; ಏಳಕ್ಕೂ ಎಂಟಕ್ಕೂ ಏನು ಫರಕು ಎಂದು ಯಾರೂ ವಿವರಿಸಿದ್ದಿಲ್ಲ. ಆಮೇಲೆ ಚೀಟಿ ಅದಲುಬದಲು. ಒಂದೇ ಜಾಗಕ್ಕೆ ಬೇರೆ ಮಾತು ಬಿದ್ದಿದ್ದರೆ ಆ ಅರ್ಧ ನಿಮಿಷ ಮೂರು ಸಲ ಕೇಳುವುದು: ಒಮ್ಮೆ ಬೇಸ್ ಮಾತ್ರ ಹಿಡಿದು, ಒಮ್ಮೆ ಡ್ರಮ್, ಒಮ್ಮೆ ದನಿ. ಲೆಡ್ ಜೆಪ್ಪೆಲಿನ್‌ನ 1971ರ ನಾಲ್ಕನೇ ಆಲ್ಬಮ್‌ನ ‘ವೆನ್ ದ ಲೆವೀ ಬ್ರೇಕ್ಸ್’ಗೆ ಒಂದು ಚೀಟಿಯಲ್ಲಿ ‘ಡ್ರಮ್ ಮಂದ’, ಇನ್ನೊಂದರಲ್ಲಿ ‘ಡ್ರಮ್ ಭಾರಿ’. ಎರಡೂ ಸರಿ. ಹೆಡ್ಲಿ ಗ್ರೇಂಜ್ ಮನೆಯ ಮೆಟ್ಟಿಲುಗಳ ತಳದಲ್ಲಿ ಡ್ರಮ್ ಇಟ್ಟು, ಮೈಕುಗಳನ್ನು ಮೇಲೆ ತೂಗುಹಾಕಿ ಹಿಡಿದ ಸದ್ದು ಅದು. ದೂರದ ಮೈಕಿಗೆ ಏಟಿನ ಮೊನೆ ಮೊಂಡಾಗುತ್ತದೆ, ಮನೆಯ ಮಾರ್ದನಿ ಸೇರಿ ಮೈ ಬೆಳೆಯುತ್ತದೆ.

ಕೊನೆಗೆ ಒಂದೇ ಪ್ರಶ್ನೆ: ಒಂದು ಹಾಡು ತೆಗೆಯಬೇಕಾದರೆ ಯಾವುದು? ಫ್ಲೀಟ್‌ವುಡ್ ಮ್ಯಾಕ್‌ನ 1977ರ ‘ರೂಮರ್ಸ್’ಗೆ ಇದು ಬರಿಯ ಆಟವಲ್ಲ. ಸುಮಾರು ನಾಲ್ಕೂಮುಕ್ಕಾಲು ನಿಮಿಷದ ‘ಸಿಲ್ವರ್ ಸ್ಪ್ರಿಂಗ್ಸ್’ ಉದ್ದವಾಯಿತೆಂದು ಕೈಬಿಟ್ಟು, ಮೂರು ನಿಮಿಷ ಚಿಲ್ಲರೆಯ ‘ಐ ಡೋಂಟ್ ವಾಂಟ್ ಟು ನೋ’ ಸೇರಿಸಿದ್ದರು. ಮರಳಿ ಅದಲುಬದಲು ಮಾಡಿ ಪಟ್ಟಿ ಕಟ್ಟಿ ಕೇಳಬಹುದು. ಎರಡನೇ ಬದಿ ಇಪ್ಪತ್ತು ನಿಮಿಷದಿಂದ ಇಪ್ಪತ್ತೊಂದೂವರೆಗೆ ಏರುತ್ತದೆ. ರೆಕಾರ್ಡಿಗೆ ಅದು ಅಸಾಧ್ಯವೇನಲ್ಲ, ಆದರೆ ಪುಕ್ಕಟೆಯೂ ಅಲ್ಲ. ಬದಿ ಉದ್ದವಾದಷ್ಟೂ ಗೆರೆಗಳು ಒತ್ತೊತ್ತಾಗಬೇಕು, ಸದ್ದು ತಗ್ಗಬೇಕು, ಇಲ್ಲವೇ ಕೊನೆಯ ಹಾಡು ನಡುವಿನ ಲೇಬಲ್ಲಿಗೆ ಇನ್ನೂ ಹತ್ತಿರ ಸರಿಯಬೇಕು. ಒಳಗೆ ಹೋದಂತೆ ಮುಳ್ಳಿನ ಕೆಳಗೆ ಗೆರೆ ಓಡುವ ವೇಗ ಹೊರ ಅಂಚಿನಲ್ಲಿದ್ದುದರ ಅರ್ಧಕ್ಕಿಂತ ಕಡಿಮೆ. ‘ಸ’ಕಾರಗಳು ಸೀಳುವುದು ಅಲ್ಲೇ. ಅಲ್ಲಿ ಕೂತಿರುವುದು ‘ಗೋಲ್ಡ್ ಡಸ್ಟ್ ವುಮನ್’. ‘ಸಿಲ್ವರ್ ಸ್ಪ್ರಿಂಗ್ಸ್’ ಬೇಕೇಬೇಕು ಎಂದು ಹಟ ಹಿಡಿದವರು ‘ಗೋಲ್ಡ್ ಡಸ್ಟ್ ವುಮನ್’ ಅನ್ನು ಮೊದಲು ರೆಕಾರ್ಡಿನಲ್ಲಿ ಕೇಳಿ, ಅದನ್ನು ಹಾಡಿದ ಸ್ಟೀವಿ ನಿಕ್ಸ್‌ರ ದನಿ ಎಷ್ಟರಮಟ್ಟಿಗೆ ಒರಟಾದರೆ ಒಪ್ಪಿಗೆ ಎಂದು ಚೀಟಿಯಲ್ಲಿ ಬರೆಯಬೇಕು.