ಎಂಜಿನ್ ಕೆಮ್ಮಿದಾಗ ನಾನು ಮಾಡಿದ ತಪ್ಪು

ನಾನು ವಿಮಾನ ಓಡಿಸೋದು ಕಲಿತದ್ದು ಚಳಿಗಾಲದಲ್ಲಿ, ಎರಡೇ ಸೀಟಿನ ಸೆಸ್ನಾ 152ರಲ್ಲಿ. ಹಿಮಗಾಳಿ, ದಟ್ಟ ಮಂಜು, ಇಂಥವಕ್ಕೆ ಹೆದರಬೇಕು ಅಂದುಕೊಂಡಿದ್ದೆ. ಅಂಥ ದಿನ ಯಾರೂ ಹಾರೋದೇ ಇಲ್ಲ ಅಲ್ವಾ? ನನ್ನ ಬೆವರಿಳಿಸಿದ್ದು ಒಂದು ಸಾಧಾರಣ ದಿನ.

ಉಷ್ಣಾಂಶ 8 ಡಿಗ್ರಿ, ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ, 6. ಮಳೆ ಇಲ್ಲ, ದೂರದವರೆಗೂ ಚೆನ್ನಾಗಿ ಕಾಣುತ್ತಿತ್ತು. ಒಬ್ಬನೇ ಹೋಗಿದ್ದೆ. ಸ್ವಲ್ಪ ಹೊತ್ತಿಗೆ ಎತ್ತರ ಇಳಿಯುತ್ತಿದೆ ಅನ್ನಿಸಿತು, ಎಂಜಿನ್ ಶಕ್ತಿ ಹೆಚ್ಚಿಸುವ ಥ್ರಾಟಲ್ ಚೂರು ಮುಂದೆ ತಳ್ಳಿದೆ. ಐದು ನಿಮಿಷ ಬಿಟ್ಟು ಮತ್ತೆ ತಳ್ಳಿದೆ. ಯಾಕೆ ತಳ್ಳುತ್ತಿದ್ದೇನೆ ಅಂತ ಯೋಚಿಸಲೇ ಇಲ್ಲ, ಕೈ ತಾನಾಗಿಯೇ ಮಾಡಿಬಿಟ್ಟಿತ್ತು.

ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟುತ್ತಿತ್ತು. 8 ಡಿಗ್ರಿಯಲ್ಲಿ ಐಸಾ? ಹೌದು. ಅದರ ಕಿರಿದಾದ ಕತ್ತಿನಲ್ಲಿ ಗಾಳಿಯ ಒತ್ತಡ ಬೀಳುತ್ತದೆ, ಜೊತೆಗೆ ಪೆಟ್ರೋಲ್ ಆವಿಯಾಗುತ್ತದೆ, ಇವೆರಡೂ ಸೇರಿ ಒಳಗಿನ ಗಾಳಿ 20 ಡಿಗ್ರಿಯಷ್ಟು ತಣ್ಣಗಾಗಬಹುದು, ಆಗ ತೇವವೆಲ್ಲ ಗೋಡೆಗೆ ಐಸಾಗಿ ಅಂಟುತ್ತದೆ. ಥ್ರಾಟಲ್ ಕಡಿಮೆ ಇಟ್ಟು ಇಳಿಯುವಾಗ ಇದು ಇನ್ನೂ ಬೇಗ ಕಟ್ಟುತ್ತದೆ.

ಎಂಜಿನ್ ನಡುಗೋಕೆ ಶುರುವಾದಾಗ, ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ನಾಬ್ ಎಳೆದೆ. ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಇನ್ನೂ ಬಿತ್ತು, ಎಂಜಿನ್ ಕೆಮ್ಮಿತು. ಗಾಬರಿಯಾಗಿ ನಾಬ್ ಒಳಗೆ ತಳ್ಳಿಬಿಟ್ಟೆ. ಇದೇ ನನ್ನ ತಪ್ಪು. ಆ ಕೆಮ್ಮು ಐಸ್ ಕರಗಿದ ನೀರು ಎಂಜಿನ್ ಒಳಗೆ ಹೋಗುತ್ತಿರುವ ಸದ್ದು, ಅಂದರೆ ಮದ್ದು ಕೆಲಸ ಮಾಡುತ್ತಿದೆ ಅಂತ. ತರಗತಿಯಲ್ಲಿ ಹೇಳಿಕೊಟ್ಟಿದ್ದರು, ಪರೀಕ್ಷೆಯಲ್ಲೂ ಬರೆದಿದ್ದೆ! ಮತ್ತೆ ಪೂರ್ತಿ ಎಳೆದು ಹಾಗೇ ಹಿಡಿದುಕೊಂಡೆ. ಅರ್ಧ ನಿಮಿಷ ಇರಬೇಕು, ಉಸಿರೇ ಬಿಟ್ಟಿರಲಿಲ್ಲ. ಆಮೇಲೆ ಆರ್‌ಪಿಎಂ ನಿಧಾನವಾಗಿ ಏರಿತು. ಅಷ್ಟರಲ್ಲಿ 400 ಅಡಿ ಕೆಳಗೆ ಬಂದಿದ್ದೆ.

ಇಳಿದ ಮೇಲೆ ಇನ್‌ಸ್ಟ್ರಕ್ಟರ್ ಒಂದೇ ಪ್ರಶ್ನೆ ಕೇಳಿದರು. "ಥ್ರಾಟಲ್ ಎಷ್ಟು ಸಲ ತಳ್ಳಿದೆ?" ಪ್ರತಿ ಸಲ ತಳ್ಳಿದಾಗಲೂ ಐಸ್‌ನ ಸುಳಿವನ್ನೇ ಮುಚ್ಚಿಹಾಕಿದ್ದೆ. ಈಗ ಆರ್‌ಪಿಎಂ ತಾನಾಗಿ ಇಳಿದರೆ ಮೊದಲು ಕಾರ್ಬ್ ಹೀಟ್, ಆಮೇಲೆ ಥ್ರಾಟಲ್.

ರೆಕ್ಕೆ ಮೇಲಿನ ಹೆಪ್ಪುಗಟ್ಟಿದ ಇಬ್ಬನಿಯೂ ಹೀಗೆಯೇ, ನೋಡೋಕೆ ಏನೂ ಅಲ್ಲ. ಸ್ಯಾಂಡ್ ಪೇಪರ್‌ನಷ್ಟು ಒರಟಾದ ತೆಳು ಪದರ ಸಾಕು, ರೆಕ್ಕೆಯ ಎತ್ತುವ ಶಕ್ತಿ 30 ಪರ್ಸೆಂಟ್ ಕಮ್ಮಿಯಾಗಬಹುದು. ಬಿಸಿನೀರು ಸುರಿಯೋದು ಸುಲಭ ಅನಿಸುತ್ತದೆ, ಆದರೆ ಅದು ಐಲೆರಾನ್ (ವಿಮಾನ ವಾಲಿಸುವ, ರೆಕ್ಕೆಯ ಹಿಂಬದಿಯ ಪಟ್ಟಿ) ಕೀಲಿಗೆ ಇಳಿದು ಮತ್ತೆ ಹೆಪ್ಪುಗಟ್ಟಿದರೆ ಕಷ್ಟ. ನಾನು ವಿಮಾನವನ್ನು ಬಿಸಿಲಿಗೆ ತಳ್ಳಿ ಸುಮ್ನೆ ಕಾಯುತ್ತೇನೆ, ಕರಗಿದ ಮೇಲೆ ಬಟ್ಟೆಯಲ್ಲಿ ಒರೆಸುತ್ತೇನೆ, ಬಾಲದ ರೆಕ್ಕೆಯನ್ನೂ ಕೈಯಿಂದ ಮುಟ್ಟಿ ನೋಡುತ್ತೇನೆ.

ಇನ್ನು ಹೀಟರ್. ಸೈಲೆನ್ಸರ್ ಸುತ್ತ ಬಿಸಿಯಾದ ಗಾಳಿಯೇ ಕ್ಯಾಬಿನ್‌ಗೆ ಬರೋದು, ಸೈಲೆನ್ಸರ್ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ, ಅದಕ್ಕೆ ವಾಸನೆ ಇಲ್ಲ. ತಲೆನೋವು, ಮಂಪರು ಬಂದರೆ ನಿದ್ದೆಗೆಟ್ಟಿದ್ದಕ್ಕೆ ಅಂದುಕೊಳ್ಳಬೇಡಿ. ಹೀಟರ್ ಮುಚ್ಚಿ, ಹೊರಗಿನ ಗಾಳಿ ಬಿಡಿ, ಬೇಗ ಇಳಿಯಿರಿ. ಚಳಿಗೆ ಕೈ ಮರಗಟ್ಟುತ್ತದೆ, ಅದಕ್ಕೆ ಗ್ಲೌಸ್ ಇರಲಿ, ಆದರೆ ತೆಳ್ಳಗಿನದು. ದಪ್ಪದ್ದು ಹಾಕಿದರೆ ಯಾವ ನಾಬ್ ಹಿಡಿದಿದ್ದೀನಿ ಅಂತಲೇ ಗೊತ್ತಾಗೋಲ್ಲ.